ರಾಯಚೂರು, ಕೇಳಿಸ್ತಿದೆಯಾ?

ಐವತ್ತೇಳು ವರ್ಷದ ಹೆಂಗಸೊಬ್ಬಳು ದಿನಾ ಸಂಜೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಕಂಪ್ಯೂಟರ್ ಅಂಗಡಿಗೆ ಹೋಗುತ್ತಾಳೆಂದರೆ ಬೆಂಗಳೂರಿನ ಹೊಸಹಳ್ಳಿಯಂಥ ಕಡೆ ನಾಲ್ಕು ಜನ ನಾಲ್ಕು ಮಾತಾಡದೆ ಇರುತ್ತಾರೆಯೇ? ಕಲ್ಯಾಣಮ್ಮನ ವಿಷಯದಲ್ಲೂ ಆಡಿದರು. ಏನೋ ಬಿಲ್ಲು ಕಟ್ಟುವುದಕ್ಕಿರಬೇಕು ಎಂದವರು ಒಳ್ಳೆಯವರು. ಜಾತಕ ತೆಗೆಸುವುದಕ್ಕೆ ಎಂದವರು ಅವರಿಗಿಂತ ಒಂದು ತೂಕ ಕಡಿಮೆ ಒಳ್ಳೆಯವರು. ಎದುರುಮನೆಯ ಗಂಗಲಕ್ಷ್ಮಮ್ಮ ಮಾತ್ರ, "ಅರವತ್ತಕ್ಕೆ ಅರಳು ಮರಳು ಅಂತಾರೆ. ಇವಳಿಗೆ ಮೂರು ವರ್ಷ ಮುಂಚೇನೇ ಬಂತು" ಎಂದುಬಿಟ್ಟಳು. ನಿಜ ಹೇಳಬೇಕೆಂದರೆ ಸತ್ಯಕ್ಕೆ ಎಲ್ಲರಿಗಿಂತ ಹತ್ತಿರ ಹೋದವಳು ಆ ಬಾಯಿಬಡುಕಿಯೇ. ಕಲ್ಯಾಣಮ್ಮ ಹೋಗುತ್ತಿದ್ದದ್ದು ಒಬ್ಬ ಗಂಡಸಿನ ಜೊತೆ ಮಾತಾಡುವುದಕ್ಕೆ. ಅವನ ಮುಖವನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಹೆಸರು ಗೊತ್ತಾಗಿದ್ದು ಕೂಡ ಹೋದ ತಿಂಗಳು.

ಹಾಗೆಂದು ಪರಿಚಯ ಹೊಸದಲ್ಲ. ಮೂವತ್ತು ವರ್ಷದ ಹಿಂದಿನದು.

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆ ಕಾಲದಲ್ಲಿ ಬೆಂಗಳೂರಿನಿಂದ ಬೇರೆ ಊರಿಗೆ ಫೋನ್ ಮಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದು ಕಾಯಬೇಕಿತ್ತು. ಕಲ್ಯಾಣಮ್ಮ ಆಗ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ತಲೆಗೆ ಹೆಡ್‌ಸೆಟ್ಟು, ಎದುರಿಗೆ ತೂತು ತೂತಿನ ದೊಡ್ಡ ಬೋರ್ಡು, ಕೈಯಲ್ಲಿ ವೈರು. ಆಚೆ ಊರಿನ ಆಪರೇಟರನ್ನು ಹಿಡಿದು, ಅವನ ಕೈಯಲ್ಲಿ ಅಲ್ಲಿಯ ಗಿರಾಕಿಯನ್ನು ಹಿಡಿಸಿ, ಎರಡು ಕಡೆಯವರನ್ನು ಜೋಡಿಸುವುದು ಕೆಲಸ. ಆಪರೇಟರುಗಳು ತಮ್ಮ ಹೆಸರು ಹೇಳಿಕೊಳ್ಳುವ ಹಾಗಿರಲಿಲ್ಲ. ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯಬೇಕು. "ಹಲೋ ಹಾಸನ", "ಏನ್ರೀ ಬಳ್ಳಾರಿ, ನಿದ್ದೇನಾ?" ಹೀಗೆ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದ ಚಿಕ್ಕಮುನಿಯಪ್ಪನ ಹಿರಿಮಗಳು ಹೆಡ್‌ಸೆಟ್ ಹಾಕಿಕೊಂಡೊಡನೆ ಇಡೀ ಬೆಂಗಳೂರೇ ಆಗಿಬಿಡುತ್ತಿದ್ದಳು. ಆ ತುದಿಯಲ್ಲಿ ಒಬ್ಬ ರಾಯಚೂರು ಆಗಿರುತ್ತಿದ್ದ.

ರಾಯಚೂರಿನ ಧ್ವನಿ ಎಂಥದೆಂದರೆ, ಹಿತ್ತಾಳೆ ಬಿಂದಿಗೆ ಅರ್ಧ ತುಂಬಿದಾಗ ಬರುವ ಸದ್ದಿನಂತೆ ಗುಂಯ್ಯೆನ್ನುವ ಧ್ವನಿ. ಟ್ರಂಕ್ ಕಾಲ್‌ಗಳು ಕಡಿಮೆಯಿದ್ದ ಮಧ್ಯಾಹ್ನ ಅವನು ಕೇಳುತ್ತಿದ್ದ: "ಬೆಂಗಳೂರು, ರೈಲು ಹತ್ತತೀರೇನ್ರಿ?" ಅವಳು ಹ್ಞೂಂ ಎಂದರೆ ಸಾಕು, ಮಾತಿನಲ್ಲೇ ಗುಂತಕಲ್ಲಿನಿಂದ ಗಾಡಿ ಬಿಡುತ್ತಿದ್ದ. ಆದೋನಿಯಲ್ಲಿ ಹತ್ತಿಯ ಮೂಟೆಗಳು, ಮಂತ್ರಾಲಯಂ ರೋಡಿನಲ್ಲಿ ಇಳಿಯುವ ಬೋಳುತಲೆಯ ಭಕ್ತರು, ತುಂಗಭದ್ರೆಯ ಸೇತುವೆಯ ಮೇಲೆ ಕೈಮುಗಿಯುವ ಮುದುಕಿಯರು, ಆಮೇಲೆ ಬಿಸಿಲು, ಕರಿಕಲ್ಲು, ಕೋಟೆ, ರಾಯಚೂರು. ಮೈಸೂರಿನಾಚೆ ಕಾಲಿಡದ ಕಲ್ಯಾಣಮ್ಮ ಆ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದಳೋ ಲೆಕ್ಕವಿಲ್ಲ.

ಆದರೆ ಸೂಪರ್‌ವೈಸರ್ ದೊಡ್ಡಹನುಮಯ್ಯನಿಗೆ ಯಾರ ಲೈನಿಗೆ ಬೇಕಾದರೂ ಕಿವಿ ಕೊಡುವ ಅಧಿಕಾರವಿತ್ತು. "ಮಾತು ಮನೆ ಕೆಡಿಸ್ತು ಕಣಮ್ಮಾ" ಎಂದು ಒಂದು ಸಲ ಮೆತ್ತಗೆ ಹೇಳಿದ, ಇನ್ನೊಂದು ಸಲ ಎಚ್ಚರಿಕೆಯನ್ನು ಬರವಣಿಗೆಯಲ್ಲಿ ಕೊಡುತ್ತೇನೆಂದ. ಅಂದಿನಿಂದ ಇಬ್ಬರೂ ಪೆನ್ಸಿಲಿಗೆ ಇಳಿದರು. ಲೈನು ಕೆಟ್ಟಾಗ, ಧ್ವನಿ ದಾಟದಿದ್ದಾಗ, ಆಪರೇಟರುಗಳು ಪೆನ್ಸಿಲಿನಿಂದ ಮೌತ್‌ಪೀಸಿನ ಮೇಲೆ ಬಡಿಯುವುದಿತ್ತು. ಎರಡು ಬಡಿತವೆಂದರೆ ಹೌದು, ಒಂದೆಂದರೆ ಇಲ್ಲ. "ರಾಯಚೂರು, ಕೇಳಿಸ್ತಿದೆಯಾ?" ಎಂದು ಅವಳು ಕೇಳುವಳು. ಟಕ್ ಟಕ್. ಮೊದಲನೆಯದು ಗಟ್ಟಿ, ಎರಡನೆಯದು ಸ್ವಲ್ಪ ತಡೆದು, ಮೆತ್ತಗೆ. ಲೈನು ಸ್ವಚ್ಛವಾಗಿದ್ದ ದಿನವೂ ಕೇಳುವಳು. ದೊಡ್ಡಹನುಮಯ್ಯನ ಕಿವಿಗೆ ಅದು ಬರೀ ಲೈನಿನ ಸದ್ದು.

ಒಂದು ದಿನ ಆ ಕಡೆಯಿಂದ ಬಡಿತದ ಬದಲು ಧ್ವನಿಯೇ ಬಂತು, ಆದರೆ ರೈಲು ಹೊರಡಲಿಲ್ಲ. "ಬೆಂಗಳೂರು, ನಾ ಖರೇನ ಬರ್ಲೇನ್ರಿ?" ಎಂದಿತು ಧ್ವನಿ. ಅಪ್ಪನ ಮಿಲ್ಲಿಗೆ ಬೀಗ ಬಿದ್ದು ವಾರವಾಗಿತ್ತು. ತಮ್ಮ ಹೈಸ್ಕೂಲು, ತಂಗಿ ಇನ್ನೂ ಚಿಕ್ಕವಳು, ಮನೆಗೆ ಅನ್ನ ತರುವವಳು ಇವಳೊಬ್ಬಳೇ. ಕಲ್ಯಾಣಮ್ಮ ಪೆನ್ಸಿಲ್ ಎತ್ತಿ ಒಂದು ಸಲ ಬಡಿದಳು. ಟಕ್. ಅವನು ಮತ್ತೆ ಕೇಳಲಿಲ್ಲ. ಕೇಳಲಿ, ಕೇಳಿದರೆ ಎರಡು ಬಡಿಯುತ್ತೇನೆ ಎಂದು ಅವಳು ಕಾದಳು. ಅಷ್ಟರಲ್ಲಿ ಎಸ್‌ಟಿಡಿ ಬಂತು. ಜನ ತಾವೇ ನಂಬರ್ ತಿರುಗಿಸತೊಡಗಿದರು. ಒಂದು ಬೆಳಗ್ಗೆ ಡ್ಯೂಟಿಗೆ ಹೋದರೆ ಬೋರ್ಡಿನಲ್ಲಿ ರಾಯಚೂರು ಇರಲಿಲ್ಲ.

ತಮ್ಮನಿಗೆ ಕೆಲಸವಾಯಿತು, ತಂಗಿ ಮದುವೆಯಾಗಿ ನಂದಿನಿ ಲೇಔಟ್ ಸೇರಿದಳು, ಅಪ್ಪ ಅಮ್ಮ ಹೋದರು. ಕಲ್ಯಾಣಮ್ಮನಿಗೆ ಮದುವೆಯ ಮಾತು ಬಂದಾಗಲೆಲ್ಲ ಅವಳು "ಆಯ್ತು, ನೋಡೋಣ" ಎಂದಳು. ನೋಡಲಿಲ್ಲ. ಇದರಲ್ಲಿ ತ್ಯಾಗ ಗೀಗ ಎಂದು ದೊಡ್ಡ ಮಾತು ಬೇಡ. ಬೇರೆ ಯಾವ ಧ್ವನಿಯೂ ಅವಳಿಗೆ ಹಿಡಿಸಲಿಲ್ಲ, ಅಷ್ಟೇ.

ಹೀಗಿರುವಾಗ, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದಿದ್ದ ಅವಳು ಪೆನ್ಷನ್ನಿನ ಕಾಗದದ ಜೆರಾಕ್ಸ್ ತೆಗೆಸಲು ವಿಜಯನಗರದ ದಾರಿಯ ತಿರುವಿನಲ್ಲಿದ್ದ ಹೊಸ ಸೈಬರ್ ಅಂಗಡಿಗೆ ಹೋದಳು. ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಗಾಜಿನ ಬಾಗಿಲಿನ ಎಸ್‌ಟಿಡಿ ಬೂತು. ಅಂಗಡಿಯ ಒಡತಿ ನೀಲಾಂಬಿಕಾ "ಏನ್ ಬೇಕ್ರಿ ಅಕ್ಕಾರ?" ಎಂದಾಗ ಕಲ್ಯಾಣಮ್ಮನ ಕಿವಿ ನೆಟ್ಟಗಾಯಿತು.

"ಯಾವೂರಮ್ಮ ನಿಂದು?"

"ರಾಯಚೂರ್ರಿ. ತೀನ್ ಕಂದೀಲ್ ಹಿಂದಿನ ಓಣಿ."

"ಕೋಟೆ ಹತ್ರಾನೇ ಇರ್ಬೇಕಲ್ಲ. ಸಂಜೆ ಹೊತ್ತು ಮಾವಿನ ಕೆರೆ ಕಡೆಯಿಂದ ಗಾಳಿ ಬರುತ್ತೆ."

"ನೀವ್ ಬಂದಿದ್ರೇನ್ರಿ?"

"ಇಲ್ಲಮ್ಮ. ಕೇಳಿದೀನಿ."

ಕೇಳಿದ್ದು ಯಾರಿಂದ ಎಂಬುದು ಹೊರಬರಲು ಒಂದು ವಾರ ಹಿಡಿಯಿತು. ಬಂದ ಮೇಲೆ ನೀಲಾಂಬಿಕಾ ಮೂಗಿನ ಮೇಲೆ ಬೆರಳಿಟ್ಟಳು. "ಹೆಸರ ಗೊತ್ತಿಲ್ಲ, ಮಾರಿ ಗೊತ್ತಿಲ್ಲ. ಹೆಂಗ ಹುಡುಕೂದ್ರಿ ಅಕ್ಕಾರ?" ಎಂದಳು. "ಊರು ಗೊತ್ತಲ್ಲ" ಎಂದಳು ಕಲ್ಯಾಣಮ್ಮ.

ಆಗ ಆರ್ಕುಟ್ಟಿನ ಕಾಲ. ಕಾಲೇಜು ಹುಡುಗರು ಅದಕ್ಕೇ ಅಂಗಡಿಗೆ ಮುಗಿಬೀಳುತ್ತಿದ್ದರು. ನೀಲಾಂಬಿಕಾ ಅದರಲ್ಲಿ ಕಲ್ಯಾಣಮ್ಮನ ಹೆಸರಿಗೊಂದು ಪುಟ ತೆರೆದು, ಮುಖದ ಬದಲು ದಾಸವಾಳದ ಚಿತ್ರ ಹಾಕಿ, ಹಳೆಯ ಟೆಲಿಫೋನ್ ನೌಕರರ ಗುಂಪೊಂದನ್ನು ಹುಡುಕಿದಳು. ಅಲ್ಲಿ ಏನು ಬರೆಯಲಿ ಎಂದರೆ ಕಲ್ಯಾಣಮ್ಮ ಹೇಳಿದಳು: "ನಾನು ಬೆಂಗಳೂರು. ರಾಯಚೂರು ಬೇಕಾಗಿದೆ ಅಂತ ಹಾಕು." ಮೊದಲ ಉತ್ತರ ಯಾವನೋ ಪೋಲಿಯದು: "ಮೆಜೆಸ್ಟಿಕ್‌ಗೆ ಹೋಗಿ ಆಂಟಿ, ಬಸ್ ಸಿಗುತ್ತೆ." ಎರಡು ತಿಂಗಳು ಅದೊಂದೇ ಉತ್ತರ. ಆಮೇಲೊಂದು ಸಂಜೆ ಅದರ ಕೆಳಗೆ ಇನ್ನೊಂದು ಸಾಲು ಬಂದಿತ್ತು: "ಹೇಳ್ರಿ ಬೆಂಗಳೂರು. ರೈಲು ಹತ್ತತೀರೇನ್ರಿ?"

ಕಲ್ಯಾಣಮ್ಮ ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಪಕ್ಕದ ಕಂಪ್ಯೂಟರಿನ ಹುಡುಗ ತಿರುಗಿ ನೋಡಿದ. ನೋಡಲಿ.

ಅವನ ಹೆಸರು ರೇವಣಸಿದ್ದಪ್ಪ. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತಂತೆ, ಒಬ್ಬಳು ಮಗಳಂತೆ. ಸಂಜೆಯ ಹೊತ್ತು ಅವನು ರಾಯಚೂರಿನಿಂದ ಬರೆಯುವನು, ಇವಳು ಇಲ್ಲಿಂದ ಬರೆಯುವಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದು ಎರಡೇ ದಿನದಲ್ಲಿ ರೂಢಿಯಾಯಿತು. ಬೆರಳು ಓಡುವುದು ತಡವಾದರೂ ರೈಲು ಮತ್ತೆ ಓಡಿತು. ಆದೋನಿ, ಮಂತ್ರಾಲಯಂ ರೋಡು, ಸೇತುವೆ. ಆ ದಿನಗಳಲ್ಲಿ ಕಲ್ಯಾಣಮ್ಮ ಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದಳು. ಖುಷಿ ಎಂಬುದು ಅವಳಿಗೆ ಇಷ್ಟು ತಡವಾಗಿ ಬಂದಿತ್ತಲ್ಲ, ಅದನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಒಂದೇ ಒಂದು ಕೊರಗು. "ನಿಮ್ಮ ಧ್ವನಿ ಸಾವಿರ ಜನರ ಮಧ್ಯೆ ಕೇಳಿದರೂ ಗುರುತು ಹಿಡಿತೀನಿ. ಒಂದು ಸಲ ಫೋನ್ ಮಾಡಿ" ಎಂದು ಅವಳು ಬರೆದಳು. ಅವನು ಮಾವಿನಹಣ್ಣಿನ ವಿಷಯಕ್ಕೆ ಹೋದ. ಮತ್ತೆ ಬರೆದಳು: "ಈ ಕಿವಿ ಬೇರೇನೂ ಕೇಳೋಲ್ಲ ಅಂತಿದೆ, ಆ ಧ್ವನಿ ಒಂದು ಕೇಳಿದ್ರೆ ಸಾಕು." ಫೋನು ಕೆಟ್ಟಿದೆ ಎಂಬ ಉತ್ತರ ಬಂತು. ಜೀವಮಾನವೆಲ್ಲ ಫೋನಿನಲ್ಲೇ ಕಳೆದ ಮನುಷ್ಯನ ಮನೆಯಲ್ಲಿ ವಾರಗಟ್ಟಲೆ ಫೋನು ಕೆಟ್ಟಿರುವುದುಂಟೇ? ಕಲ್ಯಾಣಮ್ಮನಿಗೆ ಒಳಗೊಳಗೇ ಕಸಿವಿಸಿಯಾಯಿತು, ಆದರೂ ಹೊಟ್ಟೆಗೆ ಹಾಕಿಕೊಂಡಳು.

ಏಪ್ರಿಲ್ ಕೊನೆಯ ಒಂದು ಸಂಜೆ ವಿಜಯನಗರದ ಕಡೆ ಮೋಡ ಕಟ್ಟಿ ಧೋ ಎಂದು ಮಳೆ ಸುರಿಯಿತು. ಬೀದಿಯಲ್ಲಿ ನೀರು, ಎಲ್ಲೋ ಮರ ಬಿದ್ದ ಸದ್ದು, ಅಂಗಡಿಯ ದೀಪ ಮಿಣುಕ್ ಮಿಣುಕ್. ಅದೇ ಹೊತ್ತಿಗೆ ಪರದೆಯ ಮೇಲೆ ಸಾಲು ಮೂಡಿತು: "ಇಲ್ಲಿ ಭಾಳ ಮಳಿ ಹತ್ಯದ, ಕರೆಂಟ್ ಹೋಗೂ ಹಂಗದ. ನಾಳಿ ಸಿಗ್ತೀನಿ." ಅಷ್ಟು ಬರೆದು ಅವನು ಹೋದ.

ನೀಲಾಂಬಿಕಾ ಹಿಂದೆಯೇ ನಿಂತಿದ್ದಳು. "ಅಕ್ಕಾರ, ನಮ್ಮೂರಾಗ ಈಗ ಮಳಿ?" ಎಂದವಳೇ ಬೂತಿಗೆ ಹೋಗಿ ರಾಯಚೂರಿನಲ್ಲಿದ್ದ ಅಣ್ಣ ಹನುಮೇಶನಿಗೆ ಫೋನ್ ಹಚ್ಚಿದಳು. ಅವನ ನಗು ಬೂತಿನ ಗಾಜಿನಾಚೆಗೂ ಕೇಳಿಸಿತು. "ಮಳೀನಾ? ಬಂಡಿಗಲ್ಲಿನ ಮ್ಯಾಲ ರೊಟ್ಟಿ ಬಡದ್ರ ಹಂಗ ಬೇಯ್ತದ ತಂಗಿ, ಅಂಥಾ ಬಿಸಲದ ಇಲ್ಲಿ!"

ನೀಲಾಂಬಿಕಾ ಹೊರಬಂದು ಕಲ್ಯಾಣಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಆಮೇಲೆ ಹೇಳಿದಳು: "ನಂಗ ಮೊದ್ಲ ಅನಮಾನ ಇತ್ರಿ. ಅವ್ರು ಹೇಳೂ ರಾಯಚೂರು ಹಳೇದು. ಈಗ ಹಂಗಿಲ್ಲ. ಆ ಮನಷಾ ರಾಯಚೂರಾಗ ಇಲ್ಲ ಬಿಡ್ರಿ. ಯಾರೋ ನಿಮ್ಮ ಜೋಡಿ ಆಟ ಆಡಾಕತ್ಯಾರ."

"ಆ ರೈಲಿನ ಮಾತು ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ?"

"ಲೈನಿಗೆ ಕಿವಿ ಕೊಡೂ ಮಂದಿ ಇದ್ರಲ್ರಿ ಆಗ?"

ಇದು ಎದೆಗೆ ಬಿತ್ತು. ದೊಡ್ಡಹನುಮಯ್ಯನಂಥ ಎಷ್ಟು ಜನ ಕೇಳಿದ್ದರೋ. ಮಳೆ ನಿಂತ ಮೇಲೆ ಮನೆಗೆ ನಡೆಯುತ್ತಾ ಕಲ್ಯಾಣಮ್ಮ ಅತ್ತಳು. ಒಬ್ಬ ಗಂಡಸು ಕೈತಪ್ಪಿದ ಎಂಬ ದುಃಖ ಅಲ್ಲ, ಅದನ್ನು ಅವಳು ಮೂವತ್ತು ವರ್ಷ ಪಳಗಿಸಿ ಇಟ್ಟುಕೊಂಡಿದ್ದಳು. ಆ ರೈಲನ್ನು ಇಷ್ಟು ದಿನ ಬಿಟ್ಟವನು ಕಳ್ಳನಾದರೆ ಮುಂದೆ ಅದನ್ನು ನೆನೆಸಿಕೊಂಡಾಗಲೆಲ್ಲ ಈ ಕಳ್ಳನೇ ನೆನಪಾಗುತ್ತಾನೆ. ಇದ್ದ ಒಂದು ಆಸ್ತಿಗೂ ಕನ್ನ ಬಿದ್ದಂತಾಗುತ್ತದೆ. ಅವನು ಅವನೇ ಆಗಿರಲಿ ದೇವರೇ, ಇನ್ನೇನೂ ಬೇಡ ಎಂದುಕೊಂಡಳು.

ಮರುದಿನ ಅವಳು ಬರೆದದ್ದು ಚಿಕ್ಕದು. "ರಾಯಚೂರಲ್ಲಿ ನಿನ್ನೆ ಮಳೆ ಬಂದಿಲ್ಲ. ನೀವು ಯಾರು? ನಂಬರ್ ಕೊಡಿ, ಧ್ವನಿ ಕೇಳಿಸಿ. ಇಲ್ಲದಿದ್ರೆ ಇನ್ನು ಬರೀಬೇಡಿ." ಅಂದು ಉತ್ತರವಿಲ್ಲ. ಅದರ ಮರುದಿನವೂ ಇಲ್ಲ. ಆ ವಾರವೆಲ್ಲ ಅವಳು ತಲೆ ಬಾಚುವುದನ್ನೂ ಬಿಟ್ಟು, ಹೇಗಿದ್ದಳೋ ಹಾಗೆ ಅಂಗಡಿಗೆ ಹೋಗಿ ಬಂದಳು. ಗಂಗಲಕ್ಷ್ಮಮ್ಮ ಕೂಡ ಕನಿಕರಪಟ್ಟು ಒಂದು ಬಟ್ಟಲು ಹುಳಿ ಕಳಿಸಿದಳು.

ಶನಿವಾರ ಬೆಳಗ್ಗೆ ನೀಲಾಂಬಿಕಾ ಮನೆಗೇ ಓಡಿಬಂದಳು. ರೇವಣಸಿದ್ದಪ್ಪನ ಸಾಲು ಬಂದಿತ್ತು. ಮಾತೇ ಇಲ್ಲ, ಬರೀ ಒಂದು ನಂಬರ್. ಅದರ ಮೊದಲ ಅಂಕಿಗಳಲ್ಲೇ ಹಳೆಯ ಆಪರೇಟರ್ ಕಲ್ಯಾಣಮ್ಮ ಊರು ಹಿಡಿದಳು. ರಾಯಚೂರಿನದಲ್ಲ. ಕೆಂಗೇರಿ ಎಕ್ಸ್‌ಚೇಂಜಿನದು. ಇಲ್ಲೇ, ಮೈಸೂರು ರಸ್ತೆಯಲ್ಲಿ ಒಂದು ಬಸ್ಸಿನ ದೂರ.

"ಆಟಾನೇ ಕಣೇ ನೀಲಾ. ನೀನು ಹೇಳಿದ್ದೇ ಸರಿ" ಎಂದಳು. ಆದರೂ ಬೂತಿನೊಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ಆ ಕಡೆ ರಿಸೀವರ್ ಎತ್ತಿದರು. ಹಲೋ ಇಲ್ಲ. ಉಸಿರು ಮಾತ್ರ, ಗೊರ ಗೊರ ಎನ್ನುವ ಉಸಿರು.

"ಯಾರ್ರೀ ಅದು? ಮಾತಾಡಿ" ಎಂದಳು ಕಲ್ಯಾಣಮ್ಮ. "ವಯಸ್ಸಾದ ಹೆಂಗಸನ್ನ ಆಡಿಸೋಕೆ ನಾಚಿಕೆ ಆಗಲ್ವಾ? ರಾಯಚೂರು ಅಂತೆ, ಮಳೆ ಅಂತೆ! ಕೆಂಗೇರೀಲಿ ಕೂತ್ಕೊಂಡು ಯಾರ ನೆನಪು ಕದ್ದು ಯಾರಿಗೆ ಮಾರ್ತಿದೀರಿ? ನಾನು ಆ ಮನುಷ್ಯನ ಧ್ವನೀನ ಮೂವತ್ತು ವರ್ಷ ಕಾಪಾಡ್ಕೊಂಡು ಬಂದಿದೀನಿ, ಗೊತ್ತಾ ನಿಮಗೆ? ಮಾತಾಡ್ರೀ!"

ಉಸಿರು ಜೋರಾಯಿತು. ಮಾತಿಲ್ಲ. ಇನ್ನು ಇಡೋಣ ಎಂದು ರಿಸೀವರನ್ನು ಕಿವಿಯಿಂದ ಇಳಿಸುತ್ತಿದ್ದಳು. ಆದರೆ ಆ ಬಾಯಿಗೆ ಹಳೆಯ ಅಭ್ಯಾಸ. ಲೈನು ಸತ್ತಂತಿದ್ದರೆ ವೈರು ಕೀಳುವ ಮುನ್ನ ಒಂದು ಸಲ ಕೇಳುವುದು. ಅವಳಿಗೇ ಗೊತ್ತಿಲ್ಲದ ಹಾಗೆ ಕೇಳಿತು:

"ರಾಯಚೂರು, ಕೇಳಿಸ್ತಿದೆಯಾ?"

ಟಕ್. ಟಕ್.

ಮೊದಲನೆಯದು ಗಟ್ಟಿ. ಎರಡನೆಯದು ಸ್ವಲ್ಪ ತಡೆದು, ಮೆತ್ತಗೆ.

ಕಲ್ಯಾಣಮ್ಮ ಬೂತಿನ ಗೋಡೆಗೆ ಒರಗಿದಳು. ಮಾತನ್ನು ಯಾರು ಬೇಕಾದರೂ ಕೇಳಿಸಿಕೊಂಡು ಕಲಿಯಬಹುದು. ಈ ಲಯದ ಬಡಿತವನ್ನು ಯಾರೂ ಕಲಿತಿರಲಿಲ್ಲ. ಅದು ಲೈನಿನ ಸದ್ದಲ್ಲವೆಂದು ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು.

"ನೀವೇನಾ?"

ಟಕ್ ಟಕ್.

"ಗಂಟಲಿಗೆ... ಗಂಟಲಿಗೆ ಏನಾದ್ರೂ ಆಗಿದೆಯಾ?"

ಟಕ್ ಟಕ್.

"ಆಪರೇಷನ್ನಾ? ಧ್ವನಿ ಹೋಯ್ತಾ?"

ಟಕ್ ಟಕ್.

"ಆಸ್ಪತ್ರೆಗೆ ಅಂತ ಬಂದು ಮಗಳ ಮನೇಲಿ ಇದೀರಾ, ಕೆಂಗೇರೀಲಿ?"

ಟಕ್ ಟಕ್.

"ನನಗೆ ಮೋಸ ಮಾಡ್ಬೇಕು ಅಂತಾನಾ ಹೀಗೆ ಮಾಡಿದ್ದು?"

ಟಕ್! ಒಂದೇ ಒಂದು, ಪೆನ್ಸಿಲ್ ಮುರಿಯುವಷ್ಟು ಜೋರಾಗಿ.

ಅವಳು ಕಣ್ಣೊರೆಸಿಕೊಂಡಳು. ಮುಂದಿನದನ್ನು ಕೇಳಲು ಧೈರ್ಯ ಬೇಕಾಯಿತು. "ನಾನು ಧ್ವನಿ ಧ್ವನಿ ಅಂತ ಬರೀತಾನೇ ಇದ್ದೆನಲ್ಲ. ಅದಕ್ಕೇ ಹೇಳಲಿಲ್ವಾ?"

ಆಮೇಲೆ ಎರಡು ಬಡಿತ, ಕೇಳಿಯೂ ಕೇಳಿಸದಂತೆ.

ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ ಎಂದುಕೊಂಡಳು ಕಲ್ಯಾಣಮ್ಮ. ಪ್ರೀತಿಯಿಂದ ಬರೆದ ಒಂದೊಂದು ಸಾಲೂ ಆ ಮನುಷ್ಯನ ಗಾಯದ ಮೇಲೆ ಉಪ್ಪು ಸುರಿದಿತ್ತು. ಇರುವ ಊರು ಹೇಳಿದರೆ ಬಾ ಅನ್ನುತ್ತಾಳೆ, ಬಂದರೆ ಮಾತಾಡು ಅನ್ನುತ್ತಾಳೆ, ಅದಕ್ಕೆ ಪಾಪ ಕೆಂಗೇರಿಯಲ್ಲಿ ಕೂತು ರಾಯಚೂರಿನ ರೈಲು ಓಡಿಸುತ್ತಿದ್ದ.

"ಕೇಳಿ" ಎಂದಳು. ಅವಳ ಧ್ವನಿ ಡ್ಯೂಟಿಯ ಧ್ವನಿಯಾಗಿತ್ತು. "ನಾನು ಈಗ ಹೊರಟೆ. ಕೆಂಗೇರಿ ಬಸ್ ಸ್ಟಾಂಡಿಗೆ ಬರೋಕಾಗುತ್ತಾ?"

ಟಕ್ ಟಕ್.

"ನಿಮ್ಮನ್ನ ಹೇಗೆ ಗುರುತು ಹಿಡೀಲಿ?" ಎಂದು ಕೇಳಿ, ಇದಕ್ಕೆ ಹೌದು, ಇಲ್ಲ ಎರಡರಲ್ಲೂ ಉತ್ತರವಿಲ್ಲ ಎಂದು ಹೊಳೆದು, ಅಳುವಿನ ಮಧ್ಯೆ ನಕ್ಕುಬಿಟ್ಟಳು. "ಪೆನ್ಸಿಲ್ ಹಿಡ್ಕೊಂಡು ಬನ್ನಿ."

ಬೂತಿನಿಂದ ಹೊರಬಂದಾಗ ನೀಲಾಂಬಿಕಾ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. "ನಾ ಸುಮ್ನ ಏನೇನೋ ಅಂದೆ, ತಪ್ಪಾತ್ರಿ ಅಕ್ಕಾರ" ಎಂದು, ಅಳಿಸಿಹೋಗಿದ್ದ ಕುಂಕುಮವನ್ನು ತಾನೇ ತಿದ್ದಿ, ತಲೆ ಬಾಚಿ, ಬಸ್ ಸ್ಟಾಪಿನವರೆಗೂ ಬಂದಳು.

ಕೆಂಗೇರಿ ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ಬಿಳಿ ಅಂಗಿ, ಆ ಸೆಕೆಯಲ್ಲೂ ಕುತ್ತಿಗೆಗೆ ಸುತ್ತಿದ ಟವೆಲ್ಲು, ಮುಷ್ಟಿಯಲ್ಲಿ ಪೆನ್ಸಿಲ್. ಅವಳು ನೆನೆಸಿಕೊಂಡಿದ್ದಕ್ಕಿಂತ ಕುಳ್ಳ. ಕಿವಿ ದೊಡ್ಡವು. ಅವಳು ಹತ್ತಿರ ಬಂದಾಗ ಎದ್ದು ನಿಂತ. ಬಾಯಿ ತೆರೆದ, ಏನೂ ಬರಲಿಲ್ಲ, ನಾಚಿಕೆಯಿಂದ ತಲೆ ತಗ್ಗಿಸಿ ಜೇಬಿನಿಂದ ಒಂದು ಚೀಟಿ ತೆಗೆದು ಬರೆಯಲು ಹೊರಟ.

ಕಲ್ಯಾಣಮ್ಮ ಚೀಟಿಯನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ಅವನ ಪಕ್ಕದಲ್ಲಿ ಕೂತಳು.

"ಬರೆಯೋದು ಆಮೇಲೆ. ಅಷ್ಟು ವರ್ಷ ನೀವು ಮಾತಾಡಿದ್ರಿ, ನಾನು ಕೇಳ್ದೆ. ಈಗ ನನ್ನ ಪಾಳಿ. ರಾಯಚೂರು, ಬಸ್ ಹತ್ತುತೀರಾ?"

ಅವನು ಬೆಂಚಿನ ಮೇಲೆ ಪೆನ್ಸಿಲಿನಿಂದ ಎರಡು ಸಲ ಬಡಿದ.

"ಹೊಸಹಳ್ಳೀಲಿ ಹತ್ತಿದೆ. ಕೂರೋಕೆ ಸೀಟಿಲ್ಲ, ಡ್ರೈವರಿಗೆ ಯಾರ ಮೇಲೋ ಕೋಪ, ಬ್ರೇಕ್ ಹಾಕಿದಾಗಲೆಲ್ಲ ಒಬ್ಬರ ಮೇಲೊಬ್ಬರು. ಅತ್ತಿಗುಪ್ಪೆ ದಾಟಿದ ಮೇಲೆ ಕಿಟಕಿ ಪಕ್ಕ ಸಿಕ್ತು. ನಾಯಂಡಹಳ್ಳೀಲಿ ಹೂವಿನವಳೊಬ್ಬಳು ಬುಟ್ಟಿ ಸಮೇತ ಹತ್ತಿ ನನ್ನ ಕಾಲ ಮೇಲೆ ಇಟ್ಟಳು. ಆಮೇಲೆ ನಮ್ಮ ವೃಷಭಾವತಿ. ನಿಮ್ಮ ತುಂಗಭದ್ರೆಗೆ ಜನ ಕೈಮುಗಿತಾರೆ, ಇದಕ್ಕೆ ಮೂಗು ಮುಚ್ಕೋತಾರೆ..."

ರೇವಣಸಿದ್ದಪ್ಪನ ಭುಜ ಕುಲುಕಿತು. ಸದ್ದಿಲ್ಲದೆ ನಗುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಟವೆಲ್ಲಿನ ತುದಿಯಿಂದ ಒರೆಸಿಕೊಂಡ. ಬಸ್ಸುಗಳು ಬಂದವು, ಹೋದವು. ಅವಳು ಜ್ಞಾನಭಾರತಿ ದಾಟಿಸಿ, ಕೆಂಗೇರಿಯವರೆಗೂ ತಂದು, ಈ ಬೆಂಚಿನ ಹತ್ತಿರ ಬಸ್ಸು ನಿಲ್ಲಿಸಿದಳು.

"ಆವತ್ತು ನೀವು ಒಂದು ಮಾತು ಕೇಳಿದ್ರಿ" ಎಂದಳು ಆಮೇಲೆ. "ಖರೇನ ಬರ್ಲೇನ್ರಿ ಅಂತ. ನೆನಪಿದೆಯಾ?"

ಅವನು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಅವಳ ಮುಖವನ್ನೇ ನೋಡಿದ.

ಕಲ್ಯಾಣಮ್ಮ ಅವನ ಮುಷ್ಟಿಯಿಂದ ಪೆನ್ಸಿಲನ್ನು ಬಿಡಿಸಿಕೊಂಡು, ಅವನ ಅಂಗೈಯ ಮೇಲೆ ಎರಡು ಸಲ ಬಡಿದಳು.